ಕೋರೆ ಗಾಡಿಯ ಮೇಲೊಂದು ಚೊಂಬು

ಬೆಲ್ಲ ಕಟ್ಟಿಸಿಕೊಂಡು ಬಂದ ಹಳೇ ಪೇಪರಿನಲ್ಲಿ ಮೊನ್ನೆ ಫೋರ್ಕ್‌ಲಿಫ್ಟಿನ ಫೋಟೋ ಸಿಕ್ಕಿತು. ಬೆಲ್ಲದ ಜಿಗಟು ಅಂಟಿ ಅರ್ಧ ಅಕ್ಷರ ಹೋಗಿದ್ದವು. ಉಳಿದದ್ದನ್ನು ಓದಿಕೊಂಡೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದರೆ ಪೊಟ್ಟಣದ ಕಾಗದವನ್ನು ಓದದೆ ಎಸೆದವನಲ್ಲ. ಯಾವುದೋ ದೇಶದಲ್ಲಿ ಮದುವೆಯ ಗಂಡುಹೆಣ್ಣನ್ನು ಅದರ ಮೇಲೆ ಕೂರಿಸಿ ಎತ್ತುತ್ತಾರಂತೆ. ಇನ್ನೊಂದು ಕಡೆ ಅದರಲ್ಲೇ ಚೆಂಡಾಟವಂತೆ. ಮತ್ತೊಂದು ಕಡೆ ಡ್ರೈವರುಗಳು ಪಂದ್ಯ ಕಟ್ಟಿ ಅದರಿಂದ ಬಾಟಲಿಯ ಮುಚ್ಚಳ ತೆಗೆಯುತ್ತಾರಂತೆ.

ನೀವು ನೋಡಿರದಿದ್ದರೆ ಹೇಳುತ್ತೇನೆ. ಮುಂದೆ ಎರಡು ಉದ್ದನೆಯ ಕಬ್ಬಿಣದ ಕೋರೆ ಇರುವ ಕುಳ್ಳು ಗಾಡಿ ಅದು. ಕೋರೆಯನ್ನು ಭಾರದ ಅಡಿಗೆ ತೂರಿಸಬೇಕು, ಎತ್ತಬೇಕು, ಒಯ್ದು ಇಳಿಸಬೇಕು. ಕೊಳ್ಳೇಗಾಲದ ಹೊರಗಿನ ಒಂದು ಕಲ್ಲು ಪಾಲಿಶ್ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷದಿಂದ ಅದನ್ನು ಓಡಿಸುತ್ತಿದ್ದೇನೆ. ಅದರ ಮೇಲೆ ನಿಂತು ನುಗ್ಗೆಕಾಯಿ ಕಿತ್ತಿದ್ದೇವೆ, ರಾಜ್ಯೋತ್ಸವಕ್ಕೆ ಬಾವುಟ ಕಟ್ಟಿದ್ದೇವೆ. ಹನೂರಿಂದ ಬಂದ ಲಾರಿ ಪಂಕ್ಚರಾದಾಗ ಅದೇ ಜಾಕ್ ಆಗಿದೆ. ಆದರೆ ಅದರಿಂದ ಹೆಣ್ಣು ಗಿಟ್ಟಿಸಿಕೊಂಡವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ನನ್ನ ಸೋದರಮಾವ ಹೊನ್ನೂರಿನಲ್ಲಿ ಹೆಣ್ಣು ಗೊತ್ತು ಮಾಡುವಾಗ, ಹುಡುಗ ಡ್ರೈವರ್ ಎಂದುಬಿಟ್ಟಿದ್ದ. ಯಡವಟ್ಟಾದದ್ದೇ ಅಲ್ಲಿ. ಹೆಣ್ಣಿನ ಅಪ್ಪ ಭತ್ತ ಬೆಳೆಯುವ ಮನುಷ್ಯ. ಲಾರಿ ಡ್ರೈವರ್ ಎಂದೇ ತಿಳಿದುಕೊಂಡರು. ಹೆಣ್ಣನ್ನು ನೋಡಿ ಬಂದ ಮೇಲೆ ನಾಲ್ಕು ದಿನ ನಾನು ಯಾವ ಸಾರಿನಲ್ಲಿ ಉಂಡೆನೋ ಗೊತ್ತಿಲ್ಲ. ಈ ಸಂಬಂಧ ತಪ್ಪಬಾರದು ಅನ್ನುವುದೊಂದೇ ಗೊತ್ತಿತ್ತು. ಆಮೇಲೆ ಅವರು ಗಂಡಿನ ಮನೆ ನೋಡಲು ಬಂದರು. ಮನೆ ನೋಡಿದರು, ದನ ನೋಡಿದರು, ಗಾಡಿ ಎಲ್ಲಿ ಅಂದರು. ಬೇರೆ ದಾರಿಯಿಲ್ಲದೆ ಫ್ಯಾಕ್ಟರಿಗೆ ಕರೆದುಕೊಂಡು ಹೋದೆವು.

ಹೆಣ್ಣಿನ ಅಪ್ಪ, ಕೊಳ್ಳುವ ಎತ್ತಿನ ಸುತ್ತ ಬರುವ ಹಾಗೆ, ಗಾಡಿಯ ಸುತ್ತ ಒಂದು ಸಲ ಬಂದರು.

"ಈ ಕೋರೆ ಗಾಡಿ ಮೈಸೂರ್ಗೆ ಓಯ್ತದಾ?"

"ಇಲ್ಲ. ಗೇಟ್ ದಾಟಲ್ಲ."

"ಗೇಟೇ ದಾಟ್ದಿರ ಗಾಡಿಗೆ ಡ್ರೈವರ್ ಯಾಕಪ್ಪ?"

ಸೋದರಮಾವ ನೆಲ ನೋಡಿದ. ಎಷ್ಟು ಟನ್ ಎತ್ತುತ್ತೇನೆ ಎಂದು ನಾನು ಹೇಳಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ನಲ್ಲಿಯ ಹತ್ತಿರವಿದ್ದ ಹಿತ್ತಾಳೆ ಚೊಂಬನ್ನು ಕಂಠದವರೆಗೆ ತುಂಬಿ ತಂದು, ಕೋರೆಯ ಮೇಲಿದ್ದ ಹಲಗೆಯ ಮೇಲಿಟ್ಟರು.

"ಇದ್ನ ಮ್ಯಾಕ್ಕೆತ್ತಿ ಒಂದ್ ಸುತ್ತು ಬಂದು ಇಳ್ಸು. ಚೆಲ್ಬಾರ್ದು."

ಎರಡಾಳೆತ್ತರಕ್ಕೆ ಎತ್ತಿದೆ. ಅಷ್ಟು ಮೇಲೆ ಹೋದ ಚೊಂಬಿನೊಳಗೆ ಏನಾಗುತ್ತಿದೆ ಎಂದು ಸೀಟಿನಲ್ಲಿ ಕೂತವನಿಗೆ ಕಾಣುವುದಿಲ್ಲ. ನೆಲ ನೋಡಿ ತಿಳಿಯೋಣವೆಂದರೆ, ಕಲ್ಲು ಕುಯ್ಯುವ ನೀರು ಹರಿದು ನಮ್ಮ ಫ್ಯಾಕ್ಟರಿಯ ನೆಲ ಯಾವಾಗಲೂ ಒದ್ದೆ. ಅಂದಾಜಿನಲ್ಲೇ ಸುತ್ತು ಮುಗಿಸಿದೆ. ಇಳಿಸುತ್ತಿದ್ದೇನೆ, ಆಗ ಕಲ್ಲಿನ ಚೂರು ಹೊರುವ ಹೆಂಗಸೊಬ್ಬಳು ನೀರು ಸೋರುವ ಮಕ್ಕರಿ ಹೊತ್ತು ನೇರ ಕೋರೆಯ ಅಡಿಗೇ ಬಂದಳು. ಗಕ್ಕನೆ ನಿಲ್ಲಿಸಿದೆ. ಆಚೆ ಹೋಗಕ್ಕ ಎಂದೆ. ನನ್ನ ಮದುವೆಯನ್ನು ತುಳಿದುಕೊಂಡು ಹೋಗುವವಳ ಹಾಗೆ ಅವಳು ನಿಧಾನವಾಗಿ ದಾಟಿದಳು.

ಚೊಂಬು ಕೆಳಗೆ ಬಂತು. ಅವರು ಎತ್ತಿಕೊಂಡು ಒಳಗೆ ಇಣುಕಿದರು. ಆಮೇಲೆ ನಿಂತಲ್ಲೇ ಗಟಗಟ ಕುಡಿದು, ಬೋರಲು ಹಾಕಿದರು.

"ಒಂದ್ ಅನಿನೂ ಚೆಲ್ನಿಲ್ಲ. ನಡೀರಿ, ಮಾತಾಡನ."

ಹದಿನೆಂಟು ವರ್ಷ ಈ ಕತೆಯನ್ನು ಬಂದವರಿಗೆಲ್ಲ ಹೇಳಿದ್ದೇನೆ. ಪ್ರತಿ ಸಲವೂ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದಳು. ಮೊನ್ನೆಯೂ ಆ ಪೇಪರ್ ಹಿಡಿದು, ಬಾಟಲಿ ಮುಚ್ಚಳ ತೆಗೆಯುವುದೇನು ಮಹಾ, ನಾನು ಒಂದು ಹನಿ ಚೆಲ್ಲದವನು ಎಂದೆ. ಅವಳು ಬೆಲ್ಲ ಕುಟ್ಟುತ್ತಿದ್ದಳು.

"ಅಪ್ಪ ಓಗಿ ವರ್ಷ ಆಯ್ತು, ಇನ್ನು ನಿಜ ಏಳ್ಬೌದು. ಅವತ್ತು ಅರ್ಧ ಚೊಂಬು ಚೆಲ್ಲೋಗಿತ್ತಂತೆ ಕಣ್ರಿ."

"ಮತ್ಯಾಕೆ ಒಪ್ಕಂಡ್ರು?"

"ಆ ಎಂಗ್ಸು ಬಂದಾಗ ನೀವು ನೀರ್ ನೋಡ್ನಿಲ್ವಂತೆ, ಗಾಡಿ ನಿಲ್ಸುದ್ರಂತೆ. ಅಷ್ಟ್ ಸಾಕು ಅಂತು ಅಪ್ಪ."

ಬೆಲ್ಲ ಕುಟ್ಟುವುದನ್ನು ಅವಳು ನಿಲ್ಲಿಸಲಿಲ್ಲ. ನಾನು ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡೆ. ಚೊಂಬಿನೊಳಗೆ ಎಷ್ಟಿತ್ತು ಎಂದು ನಾನು ನೋಡಿಯೇ ಇರಲಿಲ್ಲ. ನೋಡಲು ಹೆಣ್ಣು ಕೊಟ್ಟ ಮಾವ ಬಿಟ್ಟಿರಲಿಲ್ಲ.

ನಿನ್ನೆ ಫ್ಯಾಕ್ಟರಿಗೆ ಹೊಸ ಡ್ರೈವರೊಬ್ಬ ಬಂದ. ಪರೀಕ್ಷೆ ಮಾಡಿ ನೋಡು ಎಂದು ಮೇನೇಜರು ನನಗೇ ಬಿಟ್ಟರು. ಚೊಂಬು ಈಗಲೂ ಆ ನಲ್ಲಿಯ ಹತ್ತಿರವೇ ಇದೆ. ಕಂಠದವರೆಗೆ ತುಂಬಿ ಹಲಗೆಯ ಮೇಲಿಟ್ಟು, ಚೆಲ್ಲಬಾರದು ಎಂದೆ. ಅವನು ಸುತ್ತು ಮುಗಿಸಿ ಇಳಿಸತೊಡಗಿದಾಗ, ಏನೂ ಅರಿಯದವನ ಹಾಗೆ ನಾನೇ ಕೋರೆಗೆ ಅಡ್ಡ ನಡೆದೆ. ಗಾಡಿ ಗಕ್ಕನೆ ನಿಂತಿತು. ತಲೆಯ ಮೇಲೆ ತಣ್ಣಗೆ ನೀರು ಸುರಿಯಿತು.

ಚೊಂಬು ಇಳಿದ ಮೇಲೆ ಅವನು ಬಗ್ಗಿ ನೋಡುವುದರೊಳಗೆ ಎತ್ತಿಕೊಂಡು ಕುಡಿದುಬಿಟ್ಟೆ. ಬರೀ ಕಲ್ಲಿನ ಧೂಳು, ಗಂಟಲಿಗೆ ಇಳಿಯುವ ನೀರಲ್ಲ ಅದು. ಅವತ್ತು ಮಾವ ಮುಖ ಕೂಡ ಕಿವುಚಿರಲಿಲ್ಲ.

ನಾಳೆಯಿಂದ ಕೆಲಸಕ್ಕೆ ಬಾ ಎಂದೆ.