ನಿಮ್ ತವರು ಯಾವೂರು, ಮೇಡಂ?

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ನಾನು ಮನೋಚಿಕಿತ್ಸೆಯ ಕೆಲಸ ಮಾಡುತ್ತೇನೆ. ಮಾತ್ರೆ ಬರೆಯುವ ಡಾಕ್ಟರಲ್ಲ, ಕೂರಿಸಿಕೊಂಡು ಮಾತಾಡಿಸುವವಳು. ಹೊಸಬರ ಬಗ್ಗೆ ತುಂಬಬೇಕಾದ ಫಾರಂ ಒಂದಿದೆ: ನಿದ್ದೆ, ಊಟ, ಮನೆಯಲ್ಲಿ ಯಾರ್ಯಾರು, ಸಾಯುವ ಯೋಚನೆ ಬಂದಿದೆಯೇ. ಅದನ್ನು ಎದುರಿಗೆ ಹಿಡಿಯುವುದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿತಾ ಅಂತ ಶುರು ಮಾಡಿ, ಬೇಕಾದ್ದನ್ನು ಮಾತಿನ ನಡುವೆ ಕೇಳಿ, ಅವರು ಹೋದ ಮೇಲೆ ಬರೆದುಕೊಳ್ಳುತ್ತೇನೆ.

ಕಳೆದ ವರ್ಷ ಒಬ್ಬಾಕೆ ಬಂದಳು. ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ಹರಿಹರಕ್ಕೆ ಹಲ್ಲು ತೋರಿಸಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದಿದ್ದಳು.

"ಹರಿಹರದಾಗೆ ಎಲ್ಲಾರೂ ಗುರುತಿನೋರೇ ಅದಾರ್ರಿ. ಇದು ದೊಡ್ಡ ಊರು, ಯಾರಿಗೂ ಗೊತ್ತಾಗಲ್ಲ."

ನಿದ್ದೆ ಹೇಗೆ ಅಂತ ಕೇಳಿದೆ.

"ಮೂರು ತಿಂಗ್ಳಾತ್ರಿ. ಕಣ್ಣು ಮುಚ್ಚಿದ್ರೆ ಎದಿ ಬಡ್ಕಂತೈತೆ."

"ಆವಾಗ ಮನ್ಯಾಗೆ ಏನಾರ ಆತಾ?"

ಆಕೆ ಸೆರಗಿನ ತುದಿ ಸುತ್ತತೊಡಗಿದಳು. ಇಂಥ ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಎಷ್ಟೋ ಸಲ ಪ್ರಶ್ನೆಗೆ ಬರದ ಉತ್ತರ ಸುಮ್ಮನಿದ್ದರೆ ಬರುತ್ತದೆ.

"ನಮ್ ಮೈದುನ..." ಎಂದು ನಿಂತಳು. ನನ್ನನ್ನೇ ನೋಡಿ, "ನಿಮ್ ತವರು ಯಾವೂರು, ಮೇಡಂ?" ಎಂದಳು.

ನಮ್ಮ ಕಡೆ ಯಾರು ಬೇಕಾದರೂ ಕೇಳುವ ಪ್ರಶ್ನೆ. ಉತ್ತರಿಸದೆ ತೇಲಿಸಿಬಿಡುವುದನ್ನು ತರಬೇತಿಯಲ್ಲಿ ನನಗೆ ಕಲಿಸಿದ್ದರು. ಆದರೆ ಅಷ್ಟು ಹೊತ್ತು ಆಕೆಯನ್ನೇ ಕೆದಕಿದವಳು ಒಂದು ಊರಿನ ಹೆಸರು ಮುಚ್ಚಿಡುವುದು ಸರಿಯೆನಿಸದೆ ಹೇಳಿಬಿಟ್ಟೆ. ಇಲ್ಲಿ ಬರೆಯುವುದಿಲ್ಲ. ತನ್ನನ್ನು ಕೊಟ್ಟಿರುವುದೂ ಅದೇ ಊರಿಗೆ ಎಂದಳು ಆಕೆ. ನಾನು ಚಿಕ್ಕವಳಿದ್ದಾಗಲೇ ನಮ್ಮಪ್ಪ ಊರು ಬಿಟ್ಟಿದ್ದರಿಂದ ಅಲ್ಲಿನ ಸೊಸೆಯಂದಿರು ನನಗೆ ಗೊತ್ತಿಲ್ಲ. ಆಕೆಯ ಮನೆ ನಮ್ಮ ದೊಡ್ಡವ್ವನ ಮನೆಯಿಂದ ಎರಡೇ ಬಾಗಿಲು ಆಚೆ.

"ಇಲ್ಲಿ ಹೇಳಿದ್ದು ಈ ಕೋಣೆ ದಾಟಂಗಿಲ್ಲ" ಎಂದೆ.

"ನಿಮ್ ಮ್ಯಾಲೆ ಅನುಮಾನ ಇಲ್ರಿ."

"ಮೈದುನ ಅಂದ್ರಿ?"

"ಏನಿಲ್ರಿ. ಅವ್ರಿಗೆ ಹೆಣ್ಣು ನೋಡಕತ್ತೀವಿ, ಅದನ್ನ ಹೇಳಾಕೆ ಹೋದೆ."

ಚಿತ್ರದುರ್ಗದಲ್ಲಿ ಇದೇ ಕೆಲಸ ಮಾಡುವ ಇನ್ನೊಬ್ಬರ ನಂಬರನ್ನೂ ಹೆಣ್ಣುಮಕ್ಕಳ ಸಹಾಯವಾಣಿಯ ನಂಬರನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಎರಡು ಸಲ ಓದಿ ಮೇಜಿನ ಮೇಲೆಯೇ ಇಟ್ಟಳು. "ಪರ್ಸಿನಾಗೆ ಸಿಕ್ರೆ ಯಾರದು ಅಂತ ಕೇಳ್ತಾರ್ರಿ." ತನ್ನ ಫೋನ್ ನಂಬರನ್ನೂ ಕೊಡದೆ ಹೋದಳು. ಕೊಟ್ಟಿದ್ದರೂ ಕರೆ ಮಾಡುವ ಧೈರ್ಯ ನನಗಿರುತ್ತಿರಲಿಲ್ಲ. ಅತ್ತ ಯಾರು ಎತ್ತುತ್ತಾರೋ. ಮೈದುನ ಎಂದು ನಿಲ್ಲಿಸಿದ ಆ ಮಾತಿನ ಮುಂದೆ ಏನಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಊಹಿಸಬಾರದು, ಊಹಿಸುತ್ತಲೇ ಇರುತ್ತೇನೆ.

ಕಾರ್ತಿಕದಲ್ಲಿ ದೊಡ್ಡವ್ವನ ಮರಿಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು, ಹೋದೆ. ಓಣಿಯ ಹೆಂಗಸರೇ ಬಡಿಸುತ್ತಿದ್ದರು. "ಪಲ್ಯ ಹಾಕ್ಲೇನ್ರಿ?" ಎಂಬ ದನಿಗೆ ತಲೆ ಎತ್ತಿದರೆ ಆಕೆ. ಸೊರಗಿದ್ದಳು. ನಾನು ಗುರುತೇ ಇಲ್ಲದವಳಂತೆ "ಹಾಕ್ರಿ" ಎಂದೆ.

ದೊಡ್ಡವ್ವ ಆಗಷ್ಟೇ ನನ್ನ ಕೆಲಸದ ಬಗ್ಗೆ ಎಲ್ಲರೆದುರು ಹೊಗಳಿಕೊಂಡಿದ್ದಳು. ಪಕ್ಕದ ಎಲೆಯ ಹೆಂಗಸು ನನ್ನತ್ತ ಬಾಗಿ, "ಇಕಿ ನಮ್ ಸೊಸಿ ನೋಡ್ರಿ. ನಿದ್ದೀನ ಮಾಡಂಗಿಲ್ಲ, ಮಾತೂ ಆಡಂಗಿಲ್ಲ. ನಿಮ್ತಾಕೆ ಕಳ್ಸಲೇನು?" ಎಂದಳು.

"ಕಳ್ಸ್ರಿ. ಒಬ್ರನ್ನೇ ಕಳ್ಸ್ರಿ."

"ಅಯ್ಯ, ಒಬ್ಬಾಕಿನ್ನ ದಾವಣಗೆರಿಗೆ ಹೆಂಗೆ ಕಳ್ಸಾದು? ನಮ್ ಸಣ್ಣ ಮಗ ಬೈಕಿನ ಮ್ಯಾಲೆ ಕರ್ಕಂಡು ಬರ್ತಾನೆ ಬಿಡ್ರಿ."

ಸೌಟು ಹಿಡಿದವಳು ಅವತ್ತು ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಕತ್ತು ಅಲುಗಿತೋ ಇಲ್ಲವೋ ಎಂಬಂತೆ ಬೇಡವೆಂದಳು.

"ಸದ್ಯ ಹೊಸಬರನ್ನ ತಗಂತಿಲ್ರಿ" ಎಂದೆ. ಸುಳ್ಳು. ಆಕೆಗಾಗಿ ಮಾಡಲು ಬೇರೇನೂ ತೋಚಲಿಲ್ಲ.

"ಹಂಗಾರೆ ಬ್ಯಾಡ ಬಿಡ್ರಿ, ತಾನಾಗೇ ಸರಿಯಾಗ್ತಾಳೆ" ಎಂದು ಅತ್ತೆ ಊಟಕ್ಕೆ ತಿರುಗಿದಳು. ಸೊಸೆ ಮುಂದಿನ ಎಲೆಗೆ ಹೋದಳು. ಪಂಕ್ತಿಯ ನಡುವೆ ಏಳುವಂತಿರಲಿಲ್ಲ. ನಾನೂ ಉಂಡೆ.