ಲೈಟವ್ವನ ಪಡವಲ ಚಪ್ಪರ

ಕಾಮಗೆರೆ ದಾಟಿ ಹನೂರಿನ ಕಡೆ ಹೋಗುವಾಗ ಬಲಗಡೆಗೆ ಒಂದು ದಾರಿ ಒಡೆಯುತ್ತದೆ. ಅದು ಮುಟ್ಟುವ ದೊಡ್ಡಿಯಲ್ಲಿ ಅರವತ್ತು ಮನೆ. ಅಲ್ಲಿ ಚಿಕ್ಕನಿಂಗಮ್ಮ ಯಾರೆಂದು ಕೇಳಿದರೆ ಮೂವರು ಹೆಂಗಸರು ತಲೆ ಎತ್ತಿಯಾರು. ಲೈಟವ್ವ ಎಂದು ಕೇಳಿ, ನೆಟ್ಟಗೆ ನಡೆಯಲು ಬಾರದ ಮಗುವೂ ಊರ ಮುಂದಿನ ತಿರುವಿನ ಕಡೆ ಕೈ ತೋರಿಸುತ್ತದೆ. ತಿರುವಿನಲ್ಲಿ ತೆಂಗಿನ ಮರವನ್ನೂ ಮೀರಿಸಿದ ಹೈಮಾಸ್ಟ್ ಕಂಬ, ತಲೆಯಲ್ಲಿ ಆರು ದೀಪ. ಅದರ ಬುಡಕ್ಕೇ ಅಂಟಿಕೊಂಡಂತೆ ಲೈಟವ್ವನ ಹನ್ನೆರಡು ಗುಂಟೆ, ಅದರ ತುಂಬ ಪಡವಲಕಾಯಿಯ ಚಪ್ಪರ.

ಆ ಚಪ್ಪರ ಅವಳ ಅತ್ತೆ ಚನ್ನಮಲ್ಲಮ್ಮನ ಕಾಲದ್ದು. ಹದಿನೇಳರ ಹೆಣ್ಣು ಸೊಸೆಯಾಗಿ ಬಂದಾಗ ಅತ್ತೆ ಅಡುಗೆ ಮನೆಗಿಂತ ಮೊದಲು ತೋರಿಸಿದ್ದು ಚಪ್ಪರವನ್ನೇ. ಕಾಯಿ ಸೊಟ್ಟಗಾಗದಂತೆ ತುದಿಗೆ ಕಲ್ಲು ಕಟ್ಟುವುದು ಹೇಗೆ, ಬೀಜದ ಕಾಯಿಯನ್ನು ಯಾವ ಬಳ್ಳಿಯಲ್ಲಿ ಬಿಡಬೇಕು, ಎಲ್ಲ ಹೇಳಿಕೊಟ್ಟಳು. ಜೊತೆಗೆ ಒಂದು ಕಟ್ಟಪ್ಪಣೆ. ಬಳ್ಳಿ ಹೂವಿಗೆ ಬಂದ ಮೇಲೆ ಮುಚ್ಚಂಜೆಯಲ್ಲಿ ಯಾರೂ ಚಪ್ಪರದ ಹತ್ತಿರಕ್ಕೆ ದೀಪ ತರಕೂಡದು. ಲಾಟೀನೂ ಇಲ್ಲ, ಬ್ಯಾಟರಿಯೂ ಇಲ್ಲ, ಗಂಡಸರ ಬೀಡಿ ಕೂಡ ಇಲ್ಲ.

"ಯಾಕತ್ತೆ?" ಎಂದಳು ಸೊಸೆ.

"ನೆಂಟ್ರು ಬರೋ ಹೊತ್ತು ಕಣವ್ವ. ದೀಪ ಕಂಡ್ರೆ ದಾರಿ ತಪ್ತರೆ. ಬಾಯ್ಮುಚ್ಕೊಂಡು ಕುಂತ್ಕೊಂಡು ನೋಡು."

ಕೂತು ನೋಡಿದಳು. ಕತ್ತಲು ಇಳಿಯುತ್ತಿದ್ದಂತೆ ಪಡವಲದ ಮೊಗ್ಗುಗಳು ಬಿಚ್ಚಿಕೊಂಡು, ಅಂಚಿಗೆಲ್ಲ ಬಿಳಿ ನೂಲು ಬಿಟ್ಟ ಹೂಗಳಾದವು. ಆಗ ಬಂದವು ನೆಂಟರು. ಹೆಬ್ಬೆರಳು ಗಾತ್ರದ ಮೈ, ಬೂದು ಬಣ್ಣದ ದೊಡ್ಡ ಚಿಟ್ಟೆಗಳು. ಹೂವಿನ ಮೇಲೆ ಕೂರುವುದಿಲ್ಲ. ಮುಂದೆ ಗಾಳಿಯಲ್ಲೇ ನಿಂತು, ಸುತ್ತಿಟ್ಟ ನಾಲಗೆಯನ್ನು ಬಿಚ್ಚಿ, ಸೂಜಿಗೆ ದಾರ ಪೋಣಿಸಿದ ಹಾಗೆ ಹೂವಿನ ಉದ್ದನೆಯ ಕೊಳವೆಗೆ ಇಳಿಬಿಡುತ್ತವೆ. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಮುಟ್ಟುವುದು ಹೀಗೆ. ಬೆಳಗ್ಗೆ ಜೇನು ಬರುವಷ್ಟರಲ್ಲಿ ಹೂ ಮುದುಡಿರುತ್ತದೆ. ಬದುವಿನ ಗೆಣಸಿನ ಬಳ್ಳಿ ತಿನ್ನುವ, ಬಾಲದಲ್ಲಿ ಕೊಂಬಿರುವ ದಪ್ಪ ಹುಳುವನ್ನೂ ಅತ್ತೆ ಕೊಲ್ಲಗೊಡುತ್ತಿರಲಿಲ್ಲ. "ನಾಳೆ ನೆಂಟ್ರಾಗೋದು ಅವೇ ಕಣವ್ವ, ತಿಂದ್ಕೊಳ್ಳಿ ಬುಡು," ಎನ್ನುತ್ತಿದ್ದಳು. ಓದು ಬರಹ ಬಾರದ ಆ ಹೆಂಗಸಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರೋ, ಆ ಶಿವನಿಗೇ ಗೊತ್ತು.

ಅತ್ತೆ ತೀರಿಕೊಂಡ ಮೇಲೂ ಚಪ್ಪರ ಚೆನ್ನಾಗಿಯೇ ಇತ್ತು. ಚಿಕ್ಕನಿಂಗಮ್ಮನ ಗಂಡ ಮಹದೇವು ಕಾಯಿಯನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಕೊಳ್ಳೇಗಾಲದ ಸಂತೆಗೆ ಹಾಕಿ ಬರುತ್ತಿದ್ದ. ಹದಿನಾಲ್ಕು ವರ್ಷದ ಹಿಂದೆ ಒಂದು ಸಂಜೆ ಹಾಗೇ ಬರುವಾಗ, ಇದೇ ತಿರುವಿನಲ್ಲಿ ಕಬ್ಬು ತುಂಬಿದ ಟ್ರಾಕ್ಟರೊಂದು ಕೆಟ್ಟು ನಿಂತಿತ್ತು. ಹಿಂದೆ ಒಂದು ಕೆಂಪು ದೀಪವಾದರೂ ಬೇಡವೇ? ಇರಲಿಲ್ಲ. ಕಗ್ಗತ್ತಲಲ್ಲಿ ಮಹದೇವು ನೇರವಾಗಿ ಹೋಗಿ ಅದಕ್ಕೇ ಗುದ್ದಿದ. ಮನೆಗೆ ಕೂಗಳತೆಯ ದೂರ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

ಹನ್ನೊಂದನೆಯ ದಿನದ ಕೆಲಸ ಮುಗಿಸಿ ಅವಳು ಮೊದಲು ಮಾಡಿದ್ದು ತಿರುವಿಗೆ ಲೈಟು ಬೇಕೆಂದು ಅರ್ಜಿ ಬರೆಸಿದ್ದು. ಹೆಬ್ಬೆಟ್ಟು ಒತ್ತಿದವರ ಅರ್ಜಿಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ ಎಂದು ಯಾರೋ ಅಂದರು. ಸರಿ, ಮಗ ಮಾದೇಶನ ಹಳೆಯ ಸ್ಲೇಟು ತೆಗೆದುಕೊಂಡು ಹೆಸರು ಬರೆಯಲು ಕಲಿತಳು. ಆಮೇಲೆ ಹನ್ನೊಂದು ವರ್ಷ ಅವಳು ಹತ್ತದ ಮೆಟ್ಟಿಲಿಲ್ಲ. ನಾಳೆ ಬಾ ಎಂದವರ ಬಾಗಿಲಿಗೆ ನಾಳೆಯೇ ಹೋಗಿ ನಿಂತಳು. ಕಡೆಗೆ ಅವಳ ಕಾಟ ತಡೆಯಲಾರದೆ ಕಂಬ ಬಂತು. ಸ್ವಿಚ್ ಒತ್ತುವ ದಿನ ಮೆಂಬರ್ ನಟರಾಜು ಅವಳ ಕೊರಳಿಗೇ ಹಾರ ಹಾಕಿದ. ತಿರುವು ಹಗಲಿನಂತಾಯಿತು, ಹೆಂಗಸರು ಶಿಳ್ಳೆ ಹಾಕಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಲೈಟವ್ವ ಎಂಬ ಹೆಸರು ಅಂದೇ ಬಿದ್ದದ್ದು.

ನಲವತ್ತು ವರ್ಷ ಅತ್ತೆಯ ಅಪ್ಪಣೆ ಮೀರದ ಹೆಂಗಸು, ಒಂದು ಬೀಡಿಯ ಕಿಡಿಗೂ ಗದರಿದವಳು, ಚಪ್ಪರದ ನೆತ್ತಿಯ ಮೇಲೇ ಆರು ಸೂರ್ಯರನ್ನು ಇಡಿಸಿದಾಗ ಆ ಮಾತು ನೆನಪಾಗಲಿಲ್ಲವೇ? ಇಲ್ಲ. ಕತ್ತಲೆಂದರೆ ಅವಳ ಕಣ್ಣಿಗೆ ಗಂಡನೊಬ್ಬನೇ ಬರುತ್ತಿದ್ದ. ಅವಳನ್ನು ಬೈಯಲು ನನಗಂತೂ ಬಾಯಿ ಬಾರದು.

ಮೊದಲ ವರ್ಷದ ಮುಂಗಾರಿನಲ್ಲಿ ದಿನಾ ಬೆಳಗ್ಗೆ ಕಂಬದ ಬುಡದಲ್ಲಿ ಚಿಟ್ಟೆಗಳ ರಾಶಿ. ಕತ್ತಲಲ್ಲಿ ಇಷ್ಟು ಜಾತಿ ಹಾರಾಡುತ್ತಿದ್ದವು ಎಂಬುದು ಊರಿಗೆ ಗೊತ್ತಾದದ್ದೇ ಆಗ. ಎಲೆ ಹಸಿರಿನವು, ರೆಕ್ಕೆಯಲ್ಲಿ ಕಣ್ಣು ಬರೆದುಕೊಂಡವು, ಮರದ ತೊಗಟೆಯಂಥವು, ಅಕ್ಕಿ ಕಾಳಿನಷ್ಟೇ ಇದ್ದು ಬೆಳ್ಳಿ ಮೆತ್ತಿಕೊಂಡವು, ಅಂಗೈಯಗಲದವು. ನಡುವೆ ಅವಳ ಬೂದು ನೆಂಟರೂ ಇದ್ದರು, ಇನ್ನೂ ರೆಕ್ಕೆ ಬಡಿಯುತ್ತ. ಊರಿನ ಕೋಳಿಗಳೆಲ್ಲ ಅಲ್ಲೇ ಠಿಕಾಣಿ ಹೂಡಿ ಕೊಬ್ಬಿದವು. "ಲೈಟವ್ವ ಕೋಳಿಗೂ ಅನ್ನ ಹಾಕುದ್ಲು," ಎಂದು ಜನ ನಕ್ಕರು. ಅವಳೂ ನಕ್ಕಳು.

ಆ ವರ್ಷ ಹೂ ಎಂದಿನಂತೆ ಬಂತು, ಕಾಯಿ ಅರ್ಧವೂ ಕಚ್ಚಲಿಲ್ಲ. ಬೆರಳುದ್ದದ ಪೀಚುಗಳು ಹಳದಿಗಟ್ಟಿ ಉದುರಿದವು. ಅಂಗಡಿಯವನು ಕೊಟ್ಟ ಔಷಧಿ ಹೊಡೆಸಿದ್ದಾಯಿತು, ಗೊಬ್ಬರ ಹಾಕಿದ್ದಾಯಿತು. ಎರಡನೆಯ ವರ್ಷ ಉದುರಿದ ಪೀಚು ಗುಡಿಸುವಾಗ, ಪಕ್ಕದಲ್ಲೇ ಕೋಳಿಯೊಂದು ಬೂದು ಚಿಟ್ಟೆಯನ್ನು ಕುಕ್ಕುತ್ತಿತ್ತು. ಅವಳ ಕೈಯ ಪೊರಕೆ ನಿಂತಿತು. ಅತ್ತೆಯ ಮಾತು ಕಿವಿಯಲ್ಲೇ ಕೇಳಿದಂತಾಯಿತು.

ಸೆರಗು ಸರಿಮಾಡಿಕೊಂಡು ನೇರವಾಗಿ ನಟರಾಜುವಿನ ಮನೆಗೆ ನಡೆದಳು.

"ಹೂ ಬುಡೋ ಎರಡು ತಿಂಗ್ಳು ಸಂಜೆ ಹೊತ್ತು ಲೈಟ್ ಆರ್ಸಪ್ಪ."

"ಯಾಕವ್ವಾ?"

"ಚಿಟ್ಟೆಗೋಸ್ಕರ."

ನಟರಾಜು ನಗಲಿಲ್ಲ, ಒಳ್ಳೆಯ ಮನುಷ್ಯ. "ಲೈಟ್ ಬಂದ್ ಮ್ಯಾಲೆ ಆ ತಿರುವಲ್ಲಿ ಒಬ್ರೂ ಸತ್ತಿಲ್ಲ ಕಣವ್ವ. ಆರುಸ್ದಾಗ ಯಾರಾದ್ರೂ ಬಿದ್ರೆ ಅವ್ರ ಎಂಡ್ರಿಗೆ ನೀನೇ ಓಗಿ ಯೋಳ್ತೀಯಾ, ಚಿಟ್ಟೆಗೋಸ್ಕರ ಅಂತ?"

ಆ ಪ್ರಶ್ನೆಯನ್ನು ಹನ್ನೊಂದು ವರ್ಷ ಕಚೇರಿ ಕಚೇರಿಯಲ್ಲಿ ಕೇಳಿದವಳು ಅವಳೇ ಅಲ್ಲವೇ?

ಆಮೇಲೆ ಸಂಜೆ ತಾನೇ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಲು ಹೋದಳು. ಪೊರೆ ಬಂದ ಕಣ್ಣು, ಮೇಲಕ್ಕೆತ್ತಿದರೆ ಸೋಲುವ ತೋಳು. ಹತ್ತು ಹೂ ಮುಟ್ಟಿಸುವಷ್ಟರಲ್ಲಿ ಕತ್ತು ಹಿಡಿಯುತ್ತಿತ್ತು. ಸಿಕ್ಕ ಕಾಯಿ ಮನೆಯ ಪಲ್ಯಕ್ಕಾಯಿತು, ಅಷ್ಟೆ. ಹನ್ನೆರಡು ಗುಂಟೆಯ ನೆಂಟಸ್ತಿಕೆಯನ್ನು ಒಬ್ಬ ಮುದುಕಿ ಮಾಡಿ ಮುಗಿಸಲಾದೀತೇ?

ಈ ವರ್ಷ ಬೀಜ ಊರುವ ಮೊದಲೇ ಮಾದೇಶ ಹೇಳಿದ: "ಅವ್ವ, ಇದೊಂದು ಸಲ ನೋಡ್ತೀನಿ. ಕಾಯಿ ಕಚ್ಚಲಿಲ್ಲ ಅಂದ್ರೆ ಚಪ್ಪರ ಕಿತ್ತು ಕಬ್ಬು ನೆಡ್ತೀನಿ. ನೀನು ಅಳಕೂಡ್ದು." ಅವಳು ಒಪ್ಪಿದಳು. ಅವಳಿಗೊಂದು ಧೈರ್ಯವಿತ್ತು. ಕಂಬದ ಬುಡದಲ್ಲಿ ಹೋದ ವರ್ಷ ಬೊಗಸೆಯಷ್ಟು ಬೀಳುತ್ತಿದ್ದ ಚಿಟ್ಟೆಗಳು ಈ ವರ್ಷ ಒಂದೋ ಎರಡೋ. ಕೋಳಿಗಳೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಲೈಟಿಗೆ ಹೊಂದಿಕೊಂಡಿವೆ, ಸಾಯುವುದನ್ನು ಬಿಟ್ಟಿವೆ ಎಂದುಕೊಂಡಳು ಪಾಪ.

ಬಳ್ಳಿ ಹೂವಿಗೆ ಬಂದ ವಾರವೇ ಗುಡುಗು ಮಳೆಯಾಗಿ ಕಂಬಕ್ಕೆ ಸಿಡಿಲು ಬಡಿಯಿತು. ಮನೆಗಳ ಕರೆಂಟು ಮಾರನೆಯ ದಿನವೇ ಬಂತು, ಆರು ದೀಪ ಮಾತ್ರ ಸುಟ್ಟು ಕರಕಲು. ಊರೆಲ್ಲ ಅಯ್ಯೋ ಎಂದಿತು. ಅವಳು ಬಾಯಲ್ಲಿ ಅಯ್ಯೋ ಎಂದು, ಹಿತ್ತಲಿಗೆ ಹೋಗಿ ಮಾದಪ್ಪನಿಗೆ ಕೈ ಮುಗಿದಳು. ಆ ಸಂಜೆ ಮನೆಯ ಬೀದಿ ಬಾಗಿಲು ಮುಚ್ಚಿ, ಬೆಳಕು ಹೊರಬೀಳದಂತೆ ಕಿಟಕಿಗೆ ಕಂಬಳಿ ಕಟ್ಟಿ, ಚಪ್ಪರದ ಕೆಳಗೆ ಹೋಗಿ ಕೂತಳು.

ಹಳೆಯ ಕಾಲದ ಕತ್ತಲೆಯೇ ಮರಳಿ ಬಂದಿತ್ತು. ಹೂಗಳು ಒಂದೊಂದೇ ಬಿಚ್ಚಿಕೊಂಡವು. ಅವಳು ಕಾದಳು. ಕಾಳಿನಷ್ಟು ಗಾತ್ರದ ಚಿಟ್ಟೆಯೊಂದು ಬಂತು, ಹೂವಿನ ಬಾಯಿಯ ಸುತ್ತ ತಡಕಾಡಿತು. ಅದರ ಗಿಡ್ಡ ನಾಲಗೆಗೆ ಕೊಳವೆಯ ಆಳ ಎಟುಕಲಿಲ್ಲ, ಹೋಯಿತು. ಬೂದು ನೆಂಟರು ಬರಲಿಲ್ಲ. ಎರಡನೆಯ ಸಂಜೆಯೂ ಇಲ್ಲ. ಮೂರನೆಯ ಸಂಜೆ ಮಾದೇಶ ತಾಯಿಯನ್ನು ಹುಡುಕಿಕೊಂಡು ಮೊಬೈಲ್ ಬೆಳಕಿನಲ್ಲಿ ಬಂದ. "ಆರ್ಸ್ಲಾ ಅದ!" ಎಂದು ಅವಳು ಚೀರಿದ ಪರಿಗೆ ಹೆದರಿ ಆರಿಸಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ತಾಯಿ ಮಗ ಇಬ್ಬರೂ ಒಂದು ಗಂಟೆ ಬಿಳಿ ಹೂಗಳನ್ನು ನೋಡಿದರು. ನಾಲ್ಕನೆಯ ಸಂಜೆಯೂ ಯಾರೂ ಬರಲಿಲ್ಲ.

ಬೆಳಗಾಗುತ್ತಲೇ ಅವಳು ಬದುವಿನ ಗೆಣಸಿನ ಬಳ್ಳಿಗೆ ಹೋದಳು. ಒಂದೊಂದೇ ಎಲೆ ಮಗುಚಿ ಕೊಂಬಿನ ಹುಳು ಹುಡುಕಿದಳು. ಹುಳುವಿರಲಿ, ತಿಂದ ಗುರುತಿನ ತೂತು ಒಂದೆಲೆಯಲ್ಲೂ ಇರಲಿಲ್ಲ. ಅಷ್ಟು ನುಣ್ಣಗಿನ ಗೆಣಸಿನ ಎಲೆಯನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವು ಸಾಯುವುದನ್ನು ಬಿಟ್ಟದ್ದಲ್ಲ, ಸಾಯಲು ಉಳಿದೇ ಇಲ್ಲ ಎಂದು ಆಗ ತಿಳಿಯಿತು. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು.

ನಟರಾಜು ಕೈಯಲ್ಲೊಂದು ಕಾಗದ ಹಿಡಿದು ಬದುವಿನ ಮೇಲೆ ಬಂದ. ಹಿಂದೆ ಮಾದೇಶನೂ ಇದ್ದ.

"ಅವ್ವ, ಲೈಟ್ ರಿಪೇರಿಗೆ ಅರ್ಜಿ. ನಿನ್ ಹೆಸ್ರು ಮೊದ್ಲಿದ್ರೆ ಬೇಗ ಆಯ್ತದೆ, ಆಪೀಸ್ನೋರ್ಗೆಲ್ಲ ನಿನ್ ಕಂಡ್ರೆ ಭಯ." ಅವಳ ಮಣ್ಣಾದ ಕೈ ನೋಡಿ, "ನಿಂಗೆ ಮನ್ಸಿಲ್ದಿದ್ರೆ ಬ್ಯಾಡ," ಎಂದೂ ಸೇರಿಸಿದ.

ಅವಳು ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಪೆನ್ನು ಇಸಿದುಕೊಂಡಳು. ಮೊಣಕಾಲ ಮೇಲೆ ಕಾಗದವಿಟ್ಟು, ಗಂಡ ಸತ್ತ ವರ್ಷ ಕಲಿತ ಅಕ್ಷರಗಳನ್ನು ಒಂದೊಂದಾಗಿ ಬರೆದಳು.

"ಬ್ಯಾಗ ಮಾಡ್ಸಪ್ಪ. ಆ ತಿರುವು ಕತ್ಲಲ್ಲಿ ಒಳ್ಳೇದಲ್ಲ."

ನಟರಾಜು ಹೋದ ಮೇಲೆ ಮಾದೇಶ ಅಲ್ಲೇ ನಿಂತಿದ್ದ. ಚಪ್ಪರದ ಕಡೆ ನೋಡಿ, ತಾಯಿಯ ಕಡೆ ನೋಡಿ, ಕೇಳಲೋ ಬೇಡವೋ ಎಂಬಂತೆ ಕೇಳಿದ: "ಅಜ್ಜಿ ಬೀಜ ಒಂದೀಟು ಮಡಗನಾ ಅವ್ವ?"

"ಯಾಕ್ಲಾ? ನೆಟ್ಟರೆ ಹೂ ಬುಡ್ತದೆ. ದಿನಾ ಸಂಜೆ ಅಲಂಕಾರ ಮಾಡ್ಕೊಂಡು ಬಾಗ್ಲು ಕಾಯ್ತದೆ. ಬರೋರು ಯಾರ್ಲಾ?" ಎಂದು ಅವಳು ಎದ್ದು, ಪೀಚುಗಳಿಗೆ ಕಟ್ಟಲೆಂದು ಸೆರಗಿನಲ್ಲಿ ಆರಿಸಿಟ್ಟಿದ್ದ ಕಲ್ಲುಗಳನ್ನು ಬದುವಿಗೆ ಸುರಿದು ಮನೆಯ ಕಡೆ ನಡೆದಳು.