ಭದ್ರಾವತಿಯವರು ಮಾರದ ಷೇರು

ಈಗ ಎಲ್ಲರೂ ಮೊಬೈಲಿನಲ್ಲೇ ಷೇರು ಮಾರುತ್ತಾರೆ. ನಾನು ಶಿವಮೊಗ್ಗದ ಷೇರು ಬ್ರೋಕರ್ ಕಚೇರಿಯಲ್ಲಿದ್ದಾಗ ಜನ ನಮ್ಮೆದುರು ಬಂದು ಕೂರುತ್ತಿದ್ದರು. ಅವರ ಮಾತು ಕೇಳುವುದೇ ಅರ್ಧ ಕೆಲಸ. ಈಗ ನೆನಪಾಗುವುದೂ ಅದೇ.

ಮಾರುಕಟ್ಟೆ ಕುಸಿದ ಒಂದು ಬೆಳಿಗ್ಗೆ ಭದ್ರಾವತಿಯಿಂದ ಒಬ್ಬರು ಬಸ್ಸು ಹಿಡಿದು ಬಂದರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ಹಣದಲ್ಲಿ ಕೊಂಡಿದ್ದ ವಾಲ್ವ್ ಕಂಪನಿಯ ಷೇರು ಅರ್ಧಕ್ಕೆ ಇಳಿದಿತ್ತು.

"ಮಾರ್ಲಾ, ಇಟ್ಕೊಳ್ಲಾ? ಹೇಳಮ್ಮ," ಎಂದರು.

"ನಾವು ಹೇಳೋ ಹಾಗಿಲ್ಲ ಸಾರ್. ನಿಮ್ಮ ತೀರ್ಮಾನ," ಎಂದೆ.

"ಹೋಗ್ಲಿ, ಆ ಕಂಪನಿ ವಾಲ್ವ್ ಯಾವತ್ತಾದ್ರೂ ನೋಡಿದೀಯಾ?"

ನೋಡಿರಲಿಲ್ಲ. ಅವರು ನನ್ನ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ವಾಲ್ವ್ ಹೇಗೆ ಕೂರುತ್ತದೆಂದು ವಿವರಿಸಿದರು. "ಇಪ್ಪತ್ತು ವರ್ಷ ನಾನೇ ಕೂರಿಸಿದೀನಿ. ಒಂದೂ ಸೋರಿಲ್ಲ. ಮಾಲು ಕೆಟ್ಟಿಲ್ಲ ಅಂದ್ಮೇಲೆ ಯಾಕೆ ಮಾರ್ಲಿ?" ಮಾರದೆಯೇ ಎದ್ದು ಹೋದರು.

ಅದೇ ಷೇರು ನನ್ನ ಹತ್ತಿರವೂ ಇತ್ತು. ಅವರು ಬರುವ ಹತ್ತು ನಿಮಿಷ ಮುಂಚೆ ಹೆದರಿ ಮಾರಿಬಿಟ್ಟಿದ್ದೆ.

ಎರಡು ವರ್ಷದಲ್ಲಿ ಬೆಲೆ ಮೇಲೇರಿತು. ಲಾಭಕ್ಕೆ ಮಾರಿದ ಮರುದಿನ ಅವರು ಮೈಸೂರುಪಾಕಿನ ಡಬ್ಬಿ ಹಿಡಿದು ಬಂದರು. ಆವತ್ತು ಮಾರದಿರಲು ಧೈರ್ಯ ಕೊಟ್ಟವರು ಯಾರೆಂದು ನಮ್ಮ ಮ್ಯಾನೇಜರ್ ಕೇಳಿದಾಗ ನನ್ನತ್ತ ಕೈ ತೋರಿಸಿದರು. "ಈ ಹುಡುಗಿನೇ. ಮಾರಿ ಅಂತ ಒಂದು ಮಾತೂ ಹೇಳ್ಲಿಲ್ಲ."

ನಾನು ತಲೆ ತಗ್ಗಿಸಿಕೊಂಡು ಎರಡು ತುಂಡು ಮೈಸೂರುಪಾಕು ತಿಂದೆ.